ಎರಡು ಪಾಯಿಂಟ್ ಬೆಳಕು

ಶಾಲೆಯಿಂದ ಬಂದ ತರಗತಿಯ ಫೋಟೋವನ್ನು ಊಟದ ಮೇಜಿನ ಮೇಲೆ ಇಟ್ಟುಕೊಂಡು ಪುಟ್ಟಿ ಒಂದೊಂದೇ ಮುಖದ ಮೇಲೆ ಬೆರಳಿಟ್ಟು ಹೆಸರು ಹೇಳುತ್ತ ಹೋದಳು. ಮೂವತ್ತೊಂದು ಮಕ್ಕಳು, ಮೂರು ಸಾಲು. ಹಿಂದಿನ ಸಾಲಿನಲ್ಲಿ ಎಡದಿಂದ ನಾಲ್ಕನೆಯ ಮುಖ ಬಂದಾಗ ಬೆರಳು ಅಲ್ಲಿ ನಿಲ್ಲದೆ ಮುಂದಕ್ಕೆ ಹಾರಿತು. ಕೊನೆಯವರೆಗೂ ಹೋಗಿ, ಇನ್ನೊಮ್ಮೆ ಮೊದಲಿನಿಂದ ಬಂದು, ತಲೆ ಎತ್ತಿ ಹೇಳಿದಳು:

"ಅಮ್ಮ, ಇದ್ರಲ್ಲಿ ನಾನಿಲ್ಲ."

"ಇದೀಯಲ್ಲೇ. ಇಲ್ಲಿ ನೋಡು."

"ಅದು ನಾನಲ್ಲ. ಅವಳು ಕಪ್ಪಗಿದಾಳೆ. ನಾನು ಹಾಗಿಲ್ಲ, ಬೇಕಾದ್ರೆ ನೋಡು," ಎಂದು ಗೋಡೆಯ ಕಡೆ ಕೈ ತೋರಿಸಿದಳು.

ಗೋಡೆಯ ಮೇಲೆ ಹನ್ನೊಂದು ಫೋಟೋಗಳಿವೆ. ಹನ್ನೊಂದರಲ್ಲೂ ಪುಟ್ಟಿಯೇ, ಹನ್ನೊಂದನ್ನೂ ತೆಗೆದವರು ಅವಳ ಅಪ್ಪನೇ. ಅವುಗಳಲ್ಲಿ ಅವಳ ಬಣ್ಣ ಲೋಟದ ತುಂಬ ಹಾಲಿಗೆ ಒಂದು ಚಮಚ ಚಹಾ ಬೆರೆಸಿದಂತಿದೆ. ಮೇಜಿನ ಮುಂದೆ ಕುಳಿತಿದ್ದ ಹುಡುಗಿಯಲ್ಲಿ ಲೆಕ್ಕ ತಿರುಗಾಮುರುಗಾ: ಲೋಟದ ತುಂಬ ಚಹಾ, ಒಂದೇ ಚಮಚ ಹಾಲು. ಐದೂವರೆ ವರ್ಷದಲ್ಲಿ ಇದನ್ನು ನಾನು ಗಮನಿಸಿಯೇ ಇರಲಿಲ್ಲ ಎಂದರೆ ನಂಬಬೇಕು.

ಚಿಂತೆ ಮಾಡುವುದರಲ್ಲಿ ನನ್ನ ಕೈ ಮೊದಲಿನಿಂದಲೂ ಪಳಗಿದೆ. ಪುಟ್ಟಿ ಅಂಗಿಯ ಗುಂಡಿ ನುಂಗಿಯಾಳು ಎಂದು ಒಂದು ವರ್ಷ, ಮೇಜಿನ ಮೂಲೆಗೆ ಹಣೆ ಬಡಿಸಿಕೊಂಡಾಳು ಎಂದು ಎರಡು ವರ್ಷ, ಎಡಗೈಯಲ್ಲಿ ಬರೆಯುತ್ತಾಳಲ್ಲ ಎಂದು ಆರು ತಿಂಗಳು. ನಾನು ಅರ್ಧ ದಿನ ಕೆಲಸ ಮಾಡುವ ಗ್ರಂಥಾಲಯದಲ್ಲಿ ಮಕ್ಕಳ ಪಾಲನೆಯ ಕಪಾಟು ನನ್ನ ಸುಪರ್ದಿಯಲ್ಲಿದೆ. ಭೇದಭಾವವಿಲ್ಲದೆ ಮಗುವನ್ನು ಬೆಳೆಸುವುದು ಹೇಗೆ ಎಂಬ ಬಗ್ಗೆಯೇ ಅಲ್ಲಿ ಹದಿನಾಲ್ಕು ಪುಸ್ತಕಗಳಿವೆ, ಹದಿನಾಲ್ಕನ್ನೂ ಓದಿದ್ದೇನೆ. ಫೋಟೋ ಸ್ಟುಡಿಯೋದವರನ್ನು ಮದುವೆಯಾದವರು ಏನು ಮಾಡಬೇಕು ಎಂದು ಮಾತ್ರ ಯಾರೂ ಬರೆದಿಲ್ಲ. ಆ ದಿನದಿಂದ ತಲೆಯೊಳಗೆ ಹೊಕ್ಕ ಹುಳ ಹೊರಗೆ ಹೋಗಲಿಲ್ಲ: ನನ್ನ ಮಗಳು ತನ್ನ ಮುಖವನ್ನು ತಾನೇ ದಾಟಿ ಹೋದಳು.

ನನ್ನ ಗಂಡನ ಸ್ಟುಡಿಯೋ ಬಸ್ ನಿಲ್ದಾಣದ ಎದುರು, ಚಪ್ಪಲಿ ಅಂಗಡಿಗೂ ಕನ್ನಡಕದ ಅಂಗಡಿಗೂ ನಡುವೆ ಉಳಿದ ಜಾಗದಲ್ಲಿದೆ. ಮುಂದೆ ಗಾಜಿನ ಕಿಟಕಿ, ಅದರಲ್ಲಿ ಮಾದರಿ ಫೋಟೋಗಳು. ಒಳಗೆ ಬಿಳಿ ಪರದೆ, ತಿರುಗುವ ಸ್ಟೂಲು, ಎರಡು ಛತ್ರಿ ದೀಪ, ಒಂದು ಕನ್ನಡಿ, ಯಾರೂ ಜೇಬಿಗೆ ಹಾಕಿಕೊಂಡು ಹೋಗದಂತೆ ಕನ್ನಡಿಗೆ ದಾರ ಕಟ್ಟಿದ ಬಾಚಣಿಗೆ. ಮೊಳೆಗೆ ಒಂದು ಕಪ್ಪು ಕೋಟು ನೇತಾಡುತ್ತದೆ. ದಪ್ಪಗಿದ್ದವರಿಗೆ ಅದನ್ನು ಬೆನ್ನಿನ ಹೊಲಿಗೆ ಬಿಚ್ಚಿ ತೊಡಿಸುತ್ತಾರೆ, ಸಣಕಲರಿಗೆ ಹಿಂದಿನಿಂದ ಬಟ್ಟೆ ಕ್ಲಿಪ್ಪು ಹಾಕುತ್ತಾರೆ. ನಮ್ಮ ಬಡಾವಣೆಯ ಅರ್ಧ ಜನ ಅದೇ ಕೋಟಿನಲ್ಲಿ ಉದ್ಯೋಗಕ್ಕೆ ಅರ್ಜಿ ಹಾಕಿದ್ದಾರೆ. "ಗದ್ದ ಸ್ವಲ್ಪ ಕೆಳಗೆ. ಕಿವಿ ಕಾಣಲಿ. ಉಸಿರು ಬಿಡಿ." ದಿನಕ್ಕೆ ನಲವತ್ತು ಸಲ ಇದನ್ನೇ ಹೇಳುತ್ತಾರೆ. ರಸ್ತೆಯಲ್ಲಿ ಯಾರಾದರೂ ನಮಸ್ಕರಿಸಿದರೆ ಮೊದಲು ಅವರ ಕಿವಿ ನೋಡಿ ಗುರುತು ಹಿಡಿಯುತ್ತಾರೆ, ಆಮೇಲೆ ಮುಖ.

ಅವರದೊಂದು ಕೈಚಳಕವಿದೆ. ಕೆಲಸ ಕಲಿಸಿದ ಮೇಷ್ಟರು ಸಾಯುವ ಮುಂಚೆ ಗುಟ್ಟಾಗಿ ಹೇಳಿಕೊಟ್ಟದ್ದಂತೆ. ಪ್ರತಿ ಮುಖಕ್ಕೂ ಎರಡು ಪಾಯಿಂಟ್ ಬೆಳಕು, ಅಂದರೆ ಇರುವುದಕ್ಕಿಂತ ಎರಡು ಮೆಟ್ಟಿಲು ಬೆಳ್ಳಗೆ. ಒಂದು ಸಾಲದು, ಮೂರಾದರೆ ಸುಣ್ಣ ಬಳಿದಂತೆ. ಎರಡಾದರೆ ಗಿರಾಕಿಗೆ ಏನಾಯಿತೆಂದು ತಿಳಿಯುವುದಿಲ್ಲ, ಆದರೆ ಅವತ್ತಿಡೀ ಖುಷಿಯಾಗಿರುತ್ತಾನೆ. ಈಗ ಕಂಪ್ಯೂಟರಿನಲ್ಲಿ ಅದನ್ನು ಹಾಗೇ ಕಟ್ಟಿಹಾಕಿಟ್ಟಿದ್ದಾರೆ. ಯಾವ ಫೋಟೋ ತೆರೆದರೂ ಎರಡು ಪಾಯಿಂಟ್ ಬೆಳ್ಳಗಾಗಿಯೇ ತೆರೆದುಕೊಳ್ಳುತ್ತದೆ. ಪಾಸ್‌ಪೋರ್ಟಿನ ಫೋಟೋಗೆ ಮಾತ್ರ ನೆನಪಿಟ್ಟು ಅದನ್ನು ತೆಗೆದುಹಾಕಬೇಕು, ಅಲ್ಲಿಯ ಯಂತ್ರ ಒಪ್ಪುವುದಿಲ್ಲ. "ಸರ್ಕಾರಕ್ಕೆ ನಿಜ, ಮನೆಯವರಿಗೆ ಎರಡು ಪಾಯಿಂಟ್" ಎನ್ನುತ್ತಾರೆ. ಇಷ್ಟು ವರ್ಷಗಳಲ್ಲಿ ಆಕ್ಷೇಪ ಎತ್ತಿದವರು ಒಬ್ಬರೇ, ಒಬ್ಬ ಮುದುಕರು. "ಇದು ನನ್ನ ತಮ್ಮನ ಫೋಟೋ ಇದ್ದ ಹಾಗಿದೆ" ಎಂದರಂತೆ. ಎಂದವರು ಇನ್ನೂ ನಾಲ್ಕು ಪ್ರತಿ ಹಾಕಿಸಿಕೊಂಡು ಹೋದರಂತೆ.

ಇಷ್ಟು ಹೇಳಿದೆನೆಂದು ಅವರನ್ನು ಕೆಟ್ಟ ಮನುಷ್ಯರು ಅಂದುಕೊಳ್ಳಬೇಡಿ. ಪುಟ್ಟಿಯ ತಲೆಗೂದಲಿನ ಸಿಕ್ಕು ಬಿಡಿಸಲು ನನಗಿಂತ ಅವರಿಗೇ ತಾಳ್ಮೆ ಜಾಸ್ತಿ. ಮಂಚ ಬಿಟ್ಟು ಏಳಲಾಗದವರ ಮನೆಗೆ ಪರದೆ ಹೊತ್ತುಕೊಂಡು ತಾವೇ ಹೋಗುತ್ತಾರೆ. ಅಪ್ಪ ಅಮ್ಮ ಬೇಗ ತೀರಿಕೊಂಡ ಮೇಲೆ ಹತ್ತು ವರ್ಷದ ತಂಗಿಯನ್ನು ಅವರೇ ಬೆಳೆಸಿದ್ದು. ಆ ತಂಗಿ, ಅಂದರೆ ನನ್ನ ನಾದಿನಿ, ಯಾವ ಫೋಟೋದಲ್ಲೂ ಕಣ್ಣು ಮಿಟುಕಿಸದೆ ಕುಳಿತವಳಲ್ಲ. ಅದಕ್ಕೇ ಅವಳಿಗೆ ಮಿಟುಕಿ ಎಂದು ಹೆಸರಿಟ್ಟವರೂ ಅವರೇ. ಸ್ಟುಡಿಯೋದ ಕೌಂಟರಿನಲ್ಲಿ ಕೂರುತ್ತಿದ್ದಳು, ಅಣ್ಣನಿಗಿಂತ ನೇರವಾಗಿ ಫೋಟೋ ಕತ್ತರಿಸುತ್ತಿದ್ದಳು.

ಅಲ್ಲಿಗೆ ಲೈಸೆನ್ಸ್ ಫೋಟೋ ತೆಗೆಸಲು ಒಬ್ಬ ಲಿಫ್ಟ್ ಮೆಕ್ಯಾನಿಕ್ ಬಂದ. ಎರಡು ವಾರ ಬಿಟ್ಟು ಮತ್ತೆ ಬಂದ. ನಾಲ್ಕು ತಿಂಗಳಲ್ಲಿ ಆರು ಸಲ ಫೋಟೋ ತೆಗೆಸಿದ. ಅಷ್ಟು ಲೈಸೆನ್ಸ್ ಇರುವ ಮೆಕ್ಯಾನಿಕ್ ಈ ನಗರದಲ್ಲೇ ಇರಲಿಲ್ಲ. ಅವನ ಜನ ಬೇರೆ, ನಮ್ಮ ಜನ ಬೇರೆ. ಬೇರೆ ಖಂಡದ ಮೂಲ, ಸುರುಳಿಗೂದಲು, ಕಡುಗಪ್ಪು ಮೈ. ಹಾಗೆ ನೋಡಿದರೆ ಅವನ ತಾತ ಈ ನಗರಕ್ಕೆ ಬಂದು ನೆಲೆಸಿದಾಗ ನಮ್ಮವರು ಇನ್ನೂ ಇತ್ತ ತಲೆಯೇ ಹಾಕಿರಲಿಲ್ಲ. ಆದರೂ ಮಿಟುಕಿ ಅವನನ್ನು ಮದುವೆಯಾಗುತ್ತೇನೆ ಎಂದ ದಿನ ನನ್ನ ಗಂಡ ಅವನನ್ನು "ಹೊರಗಿನವನು" ಎಂದರು.

ನಾವಿಬ್ಬರೂ ಅಡುಗೆಮನೆಯಲ್ಲಿ ನಿಂತು ಜಗಳವಾಡಿದೆವು.

"ನಾನು ಬಣ್ಣ ನೋಡೋನಲ್ಲ ಕಣೇ. ದಿನಾ ಎಲ್ಲ ಜನಾಂಗದ ಮುಖಾನೂ ನೋಡ್ತೀನಿ. ಆ ಹುಡುಗನ ಜೊತೆ ಒಂದೇ ಬೆಂಚಲ್ಲಿ ಕೂತು ಚಹಾ ಕುಡಿದಿದೀನಿ."

"ಮತ್ತಿನ್ನೇನ್ರೀ ತೊಂದರೆ?"

"ಚಹಾ ಬೇರೆ, ಸಂಬಂಧ ಬೇರೆ. ನಾಳೆ ಮಕ್ಕಳಾದ್ರೆ ಅವನ್ನ ಯಾರ ಸಾಲಲ್ಲಿ ನಿಲ್ಲಿಸ್ತಾಳೆ?"

"ನಿಲ್ಲಿಸೋದ್ಯಾಕೆ, ಕೂರಿಸಿದ್ರಾಯ್ತು."

"ನಿನಗೆ ಪುಸ್ತಕ ಓದಿ ತಲೆ ಕೆಟ್ಟಿದೆ."

"ನಿಮಗೆ ಓದದೇನೇ ಕೆಟ್ಟಿದೆಯಲ್ಲ, ಅದು ದೊಡ್ಡ ಸಾಧನೆ."

ಆಮೇಲೆ ಅವರು ಧ್ವನಿ ತಗ್ಗಿಸಿ ಹೇಳಿದ್ದು ಬೇರೆ. "ಪುಟ್ಟಿ ಇದನ್ನೆಲ್ಲ ನೋಡ್ಕೊಂಡು ಬೆಳೆದ್ರೆ ನಾಳೆ ಅವಳೂ ಹೀಗೇ ಒಬ್ಬನ್ನ ಕರ್ಕೊಂಡು ಬರ್ತಾಳೆ. ಆಗ ಹೇಳು ನಿನ್ನ ಪುಸ್ತಕಕ್ಕೆ, ಬಂದು ಬಾಗಿಲು ತೆಗೀಲಿ."

"ಕರ್ಕೊಂಡು ಬರ್ಲಿ. ಒಳ್ಳೆಯವನಾಗಿದ್ರೆ ಸಾಕು," ಎಂದೆ ನಾನು. ಬಹಳ ದಿಟ್ಟವಾಗಿ ಎಂದೆ. ಮೂರೂವರೆ ವರ್ಷದ ಪುಟ್ಟಿ ಆಗ ಬಾಗಿಲ ಹಿಂದೆ ಪಾತ್ರೆಗಳ ಜೊತೆ ಆಡುತ್ತಿದ್ದಳು, ಅಳಿಯನ ಚಿಂತೆ ಅವಳಿಗಿರಲಿಲ್ಲ.

ಜಗಳ ರಾಜಿಯಲ್ಲಿ ಮುಗಿಯಿತು. ಬೇರೆ ಜನಾಂಗದವರನ್ನು ಪ್ರೀತಿಸುವುದು ತಪ್ಪಲ್ಲ ಎಂಬ ತತ್ವ ನನ್ನ ಪಾಲಿಗೆ ಬಂತು, ಆಚರಣೆ ಅವರ ಪಾಲಿಗೆ ಹೋಯಿತು. ಮಗಳಿಗೆ ತಿಳಿವಳಿಕೆ ಬರುವವರೆಗೆ ಮನೆಯಲ್ಲಿ ಆ ವಿಷಯ ಎತ್ತುವಂತಿಲ್ಲ. ಪುಟ್ಟಿಗೆ, "ಅತ್ತೆ ದೂರದ ಊರಿಗೆ ಹೋಗಿದಾಳೆ" ಎಂದು ಹೇಳಿದವಳು ನಾನೇ. ಮಿಟುಕಿ ಇದ್ದದ್ದು ಸೇತುವೆಯ ಆಚೆ, ಒಂದು ಲಾಂಡ್ರಿಯ ಮೇಲಿನ ಮೂರನೆಯ ಮಹಡಿಯಲ್ಲಿ. ಬಸ್ಸಿನಲ್ಲಿ ಇಪ್ಪತ್ತು ನಿಮಿಷ. ತಂದೆತಾಯಿ ಮಗುವಿನ ಮುಂದೆ ಒಂದೇ ಮಾತಾಡಬೇಕು ಎಂದು ಯಾವುದೋ ಪುಸ್ತಕದಲ್ಲಿತ್ತು. ಒಂದೇ ಮಾತಾಡಿದೆವು, ಅದು ಸುಳ್ಳಾಗಿತ್ತು. ಎರಡು ವರ್ಷ ಹೀಗೇ ನಡೆಯಿತು.

ಒಂದೂವರೆ ತಿಂಗಳ ಹಿಂದೆ ಮಿಟುಕಿ ನನ್ನ ಫೋನಿಗೆ ಒಂದು ಫೋಟೋ ಕಳಿಸಿದಳು. ಎರಡು ತಿಂಗಳ ಗಂಡುಮಗು. ಮುಷ್ಟಿ ಕಟ್ಟಿ ಕಿವಿಯ ಹತ್ತಿರ ಇಟ್ಟುಕೊಂಡು, ಯಾರದೋ ಗುಟ್ಟು ಕೇಳಿಸಿಕೊಂಡಂತೆ ನೋಡುತ್ತಿತ್ತು. ಕೆಳಗೆ ಒಂದೇ ಸಾಲು: "ಅತ್ತಿಗೆ, ಇವನು." ನಾನು ಉದ್ದವಾದ ಉತ್ತರ ಬರೆದೆ. ಅಳಿಸಿದೆ. ಇನ್ನೂ ಉದ್ದವಾಗಿ ಬರೆದು ಅದನ್ನೂ ಅಳಿಸಿದೆ. ನಾಲ್ಕು ದಿನ ಬಿಟ್ಟು ಒಂದು ಹೃದಯದ ಚಿತ್ರ ಕಳಿಸಿ ಸುಮ್ಮನಾದೆ.

ಪುಟ್ಟಿಗೆ ಮಾತ್ರ ತೋರಿಸಿದೆ. ಮಗುವಿನ ಕಣ್ಣು ದೊಡ್ಡದಾಗಿ ಕಾಣಲಿ ಎಂದು ಅವಳು ಹಿಗ್ಗಿಸಿ ಹಿಗ್ಗಿಸಿ ನೋಡಿದಳು. "ಅತ್ತೆ ಪಾಪು. ಅಪ್ಪಂಗೆ ಹೇಳ್ಬೇಡ," ಎಂದೆ. "ಯಾಕೆ?" ಎಂದಳು. "ಆಮೇಲೆ ಹೇಳೋಣ," ಎಂದೆ. ಹದಿನಾಲ್ಕು ಪುಸ್ತಕ ಓದಿದವಳು ಮಗುವಿಗೆ ಕೊಟ್ಟ ಉತ್ತರ ಅದು. ಮತ್ತೆ ನೋಡಬೇಕೆಂದಳು, ಅದಕ್ಕೆ ಫೋಟೋವನ್ನು ಫೋನಿನಲ್ಲಿ ಉಳಿಸಿಟ್ಟೆ.

ಇಲ್ಲಿ ನಾನೊಂದನ್ನು ಮರೆತಿದ್ದೆ. ಪುಟ್ಟಿಯ ಬಾಲ್ಯದ ಒಂದು ಚಿತ್ರವೂ ಕಳೆಯಬಾರದೆಂದು, ನನ್ನ ಫೋನಿನಲ್ಲಿ ಉಳಿದ ಯಾವ ಫೋಟೋವಾದರೂ ತಾನಾಗಿ ಸ್ಟುಡಿಯೋ ಕಂಪ್ಯೂಟರಿಗೆ ಹೋಗಿ ಸೇರುವಂತೆ ನನ್ನ ಗಂಡ ಹಿಂದಿನ ವರ್ಷ ವ್ಯವಸ್ಥೆ ಮಾಡಿದ್ದರು. ಮಗು ಹೋಗಿ ಸೇರಿತು, ಗಿರಾಕಿಗಳು ಕಳಿಸಿದ ಹತ್ತಾರು ಫೋಟೋಗಳ ನಡುವೆ. ಅಲ್ಲಿ ತೆರೆದುಕೊಳ್ಳುವಾಗಲೇ ಎರಡು ಪಾಯಿಂಟ್ ಬೆಳ್ಳಗಾಗಿ ತೆರೆದುಕೊಂಡಿತು.

ಮೂರನೆಯ ದಿನ ನಾನು ಸ್ಟುಡಿಯೋಗೆ ಊಟದ ಡಬ್ಬಿ ಕೊಡಲು ಹೋದರೆ, ಗಾಜಿನ ನಟ್ಟನಡುವೆ ದೊಡ್ಡ ಚೌಕಟ್ಟಿನಲ್ಲಿ ಮಿಟುಕಿಯ ಮಗ ಮುಷ್ಟಿ ಕಟ್ಟಿಕೊಂಡು ನನ್ನನ್ನೇ ನೋಡುತ್ತಿದ್ದ. ಹಾಲುಬಿಳುಪು.

"ಹೆಂಗಿದೆ?" ಎಂದರು ನನ್ನ ಗಂಡ, ಎದೆಯುಬ್ಬಿಸಿ. "ಯಾರೋ ಗಿರಾಕಿ ಕಳಿಸಿದಾರೆ, ಯಾರು ಅಂತ ಗೊತ್ತಾಗ್ತಿಲ್ಲ. ಆ ಗುಂಗುರು ಕೂದಲು ನೋಡು! ಇಂಥ ಮಗು ವರ್ಷಕ್ಕೊಂದು ಸಿಗಲ್ಲ ಕಣೇ. ಕಿವಿ ಮಾತ್ರ... ಈ ಕಿವೀನ ಎಲ್ಲೋ ನೋಡಿದೀನಿ."

"ಕಿವಿ ಎಲ್ಲರಿಗೂ ಇರತ್ತಲ್ರೀ," ಎಂದೆ.

ಅಲ್ಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ನೋಡಿ ನೋಡಿ ಅವರ ಮನಸ್ಸು ತಾನಾಗಿ ಕರಗಲಿ ಎಂದು ಕಾಯುತ್ತಿದ್ದೇನೆ ಅಂದುಕೊಂಡೆ. ಹೆದರಿಕೆಗೆ ಇಷ್ಟು ಒಳ್ಳೆಯ ಹೆಸರು ಸಿಕ್ಕರೆ ಯಾರು ಬಿಡುತ್ತಾರೆ? ಬಂದವರೆಲ್ಲ "ಯಾರ ಮಗು?" ಎಂದು ಕೇಳುತ್ತಿದ್ದರು. "ಯಾರೋ ಪುಣ್ಯವಂತರದ್ದು" ಎನ್ನುತ್ತಿದ್ದರು ಇವರು. ಪುಟ್ಟಿಯೂ ನಾನೂ ಗಾಜಿನ ಮುಂದೆ ಹಾದುಹೋಗುವಾಗ ಅವಳು ಮಗುವಿನ ಕಡೆ ನೋಡುತ್ತಲೇ ಇರಲಿಲ್ಲ, ಸುಮ್ಮನೆ ನನ್ನ ಕೈ ಒತ್ತುತ್ತಿದ್ದಳು. ಕಳ್ಳರ ಗುಂಪಿನ ಚಿಕ್ಕ ಸದಸ್ಯೆಯಂತೆ. ಗುಟ್ಟು ಇಟ್ಟುಕೊಳ್ಳುವುದರಲ್ಲಿ ಅವಳು ನನಗಿಂತ ಬೇಗ ಪಳಗಿದಳು.

ತರಗತಿಯ ಫೋಟೋ ಬಂದದ್ದು ಶುಕ್ರವಾರ. ಶನಿವಾರ ಮಧ್ಯಾಹ್ನ ಮಿಟುಕಿಯ ಸಂದೇಶ ಬಂತು.

"ಅತ್ತಿಗೆ, ಇವರು ಸ್ಟುಡಿಯೋ ಎದುರಿನ ಬಿಲ್ಡಿಂಗಲ್ಲಿ ಲಿಫ್ಟ್ ನೋಡೋಕೆ ಬಂದಿದ್ರು. ಗಾಜಲ್ಲಿ ನಮ್ಮ ಪಾಪು ಫೋಟೋ ಇದೆ ಅಂದ್ರು. ನಾನು ನಂಬಲಿಲ್ಲ, ಆಣೆ ಮಾಡಿದ್ರು. ಅಣ್ಣ ಬಾಯಲ್ಲಿ ಹೇಳೋನೇ ಅಲ್ಲ, ಹೀಗೇ ಅವನು ಹೇಳೋದು. ನೀವೇ ಒಪ್ಪಿಸಿರ್ಬೇಕು ಅಲ್ವಾ? ಪಾಪು ಸ್ವಲ್ಪ ಬೆಳ್ಳಗೆ ಕಂಡ ಅಂದ್ರು. ಗಾಜಿನ ಮೇಲೆ ಬಿಸಿಲು ಬಿದ್ದಿರತ್ತೆ ಅಂದೆ. ನಾಳೆ ಹನ್ನೊಂದಕ್ಕೆ ಮೂರೂ ಜನ ಸ್ಟುಡಿಯೋಗೆ ಬರ್ತೀವಿ. ಅಣ್ಣಂಗೆ ಹೇಳ್ಬೇಡಿ."

ಆರು ವರ್ಷ ಆ ಕೌಂಟರಿನಲ್ಲಿ ಕುಳಿತವಳಿಗೆ ಎರಡು ಪಾಯಿಂಟ್ ಏನೆಂದು ಗೊತ್ತಿರಲಿಲ್ಲವೇ? ಆದರೂ ಬಿಸಿಲಿನ ಮೇಲೆ ಹಾಕಿದ್ದಳು. ಅದನ್ನು ಓದಿ ನಾನು, ಆಗಲೇ ತೊಳೆದಿಟ್ಟಿದ್ದ ಲೋಟಗಳನ್ನು ಇನ್ನೊಮ್ಮೆ ತೊಳೆದೆ.

ಐದು ಗಂಟೆಗೆ ಬಂದ ನನ್ನ ಗಂಡನ ಕಣ್ಣಿಗೆ ತರಗತಿಯ ಫೋಟೋ ಬಿತ್ತು. ಶಾಲೆಯವರು ಈ ಸಲ ಬೇರೆ ಫೋಟೋಗ್ರಾಫರನ್ನು ಕರೆಸಿದ್ದರು, ಆ ಹುಣ್ಣು ಇನ್ನೂ ಹಸಿಯಾಗಿತ್ತು.

"ಇದೇನು ಫ್ಲ್ಯಾಶೋ, ಟಾರ್ಚೋ?" ಎಂದರು.

"ರೀ, ಪುಟ್ಟಿಗೆ ಇದ್ರಲ್ಲಿ ಅವಳ ಗುರುತೇ ಸಿಗಲಿಲ್ಲ."

"ಹೆಂಗೆ ಸಿಗತ್ತೆ ಹೇಳು. ಆ ಮನುಷ್ಯಂಗೆ ಕ್ಯಾಮೆರಾ ಹಿಡಿಯೋಕೆ ಬರಲ್ಲ."

"ಫೋಟೋ ಸರಿಯಾಗೇ ಇದೆ ರೀ. ಅವಳಿರೋದೇ ಹಾಗೆ."

ನನ್ನ ಮಾತು ಅವರ ಕಿವಿಗೆ ಬೀಳಲಿಲ್ಲ, ಅಥವಾ ಬಿದ್ದರೂ ಒಳಗೆ ಹೋಗಲಿಲ್ಲ. "ಬಾರಮ್ಮ ಪುಟ್ಟಿ, ಸರಿ ಮಾಡ್ಕೊಡ್ತೀನಿ" ಎಂದು ಹೊರಟರು. ನಾನೂ ಚಪ್ಪಲಿ ಮೆಟ್ಟಿ ಹಿಂದೆ ಓಡಿದೆ.

ಸ್ಟುಡಿಯೋದಲ್ಲಿ ಪುಟ್ಟಿ ತಿರುಗು ಸ್ಟೂಲಿನ ಮೇಲೆ ಕುಳಿತಳು. ಇವರು ಫೋಟೋವನ್ನು ಯಂತ್ರದೊಳಗೆ ಇಟ್ಟು ಕಂಪ್ಯೂಟರಿನಲ್ಲಿ ತೆರೆದರು. ಮೂವತ್ತೊಂದು ಮಕ್ಕಳೂ ಒಟ್ಟಿಗೇ ಬೆಳ್ಳಗಾದರು.

"ಈಗ ಹೇಳು, ಎಲ್ಲಿದೀಯ?"

"ಇಲ್ಲಿ!" ಬೆರಳು ನೇರ ಅವಳ ಮುಖಕ್ಕೇ ಹೋಯಿತು. ಚಪ್ಪಾಳೆ ತಟ್ಟಿದಳು. ನನ್ನ ಗಂಡ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು.

ಅಷ್ಟರಲ್ಲಿ ಪುಟ್ಟಿ ತೆರೆಗೆ ಮೂಗು ತಾಗಿಸಿ ಮುಂದಿನ ಸಾಲು ಹುಡುಕತೊಡಗಿದಳು. ಅವಳ ಪಕ್ಕದಲ್ಲಿ ಕೂರುವ ಒಂದು ಹುಡುಗಿ ಇದ್ದಾಳೆ, ಲಿಫ್ಟ್ ಮೆಕ್ಯಾನಿಕ್‌ನ ಜನಾಂಗದವಳು. ತಲೆತುಂಬ ಸಣ್ಣ ಸಣ್ಣ ಜಡೆ ಹೆಣೆದುಕೊಂಡು ಬರುವುದರಿಂದ ಪುಟ್ಟಿ ಅವಳನ್ನು ಸಾವಿರ ಜಡೆ ಎನ್ನುತ್ತಾಳೆ.

"ಅಪ್ಪ, ಸಾವಿರ ಜಡೆ ಎಲ್ಲಿ ಹೋದ್ಲು?"

"ಅಲ್ಲೇ ಇದಾಳಲ್ಲಮ್ಮ, ಮುಂದಿನ ಸಾಲು."

"ಇದು ಅವಳಲ್ಲ. ಅವಳು ಹೀಗಿಲ್ಲ. ನಾನು ಸಿಕ್ಕಿದ್ರೆ ಅವಳು ಕಳೆದುಹೋಗ್ತಾಳೆ." ಸ್ವಲ್ಪ ಯೋಚಿಸಿ, ವಿಷಯ ಅರ್ಥವಾದವಳಂತೆ ತಲೆ ಆಡಿಸಿದಳು. "ಅತ್ತೆ ಪಾಪುಗೂ ಹೀಗೇ ಆಗಿದ್ದು, ಅಲ್ವಾ ಅಮ್ಮ?"

ಹೇಳಿದವಳೇ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಯಾವ ಅತ್ತೆ? ಯಾವ ಪಾಪು?" ಎಂದರು ಇವರು. ಪುಟ್ಟಿ ಕಣ್ಣಲ್ಲೇ ಗಾಜಿನ ಕಡೆ ತೋರಿಸಿದಳು.

ಅವರು ತಿರುಗಿ ಚೌಕಟ್ಟಿನ ಬೆನ್ನು ನೋಡಿದರು. ಆಮೇಲೆ ಕಂಪ್ಯೂಟರಿನಲ್ಲಿ ಹುಡುಕಿ ಆ ಫೋಟೋ ತೆರೆದು, ಪಾಸ್‌ಪೋರ್ಟಿಗೆ ಮಾಡುವಂತೆ ಎರಡು ಪಾಯಿಂಟ್ ತೆಗೆದುಹಾಕಿದರು. ಮಗುವಿನ ನಿಜವಾದ ಬಣ್ಣ ಬಂತು. ಹೊರಗೆ ಎರಡು ಬಸ್ಸು ಬಂದು ಹೋದವು. ಅವರು ತೆರೆಯ ಮೇಲಿಂದ ಕಣ್ಣು ಕೀಳಲಿಲ್ಲ.

"ಕಿವಿ ನಮ್ಮಮ್ಮಂದು," ಎಂದರು ಕೊನೆಗೆ. ಆದರೆ ಮುಂದಿನ ಮಾತು ನನ್ನ ಕಡೆ ಬಂತು. "ಎಷ್ಟು ದಿನದಿಂದ ಗೊತ್ತು ನಿನಗೆ?"

"ಮೊದಲಿನಿಂದ."

"ಮಗುಗೂ ಹೇಳ್ಕೊಟ್ಟು ಇಟ್ಟಿದೀಯ. ನನ್ನ ಮಗಳಿಗೆ ನನ್ನ ಹತ್ರಾನೇ ಮುಚ್ಚಿಡೋದು ಕಲಿಸಿದೀಯ."

ಅದು ನಿಜವಾಗಿತ್ತು. ಅವರು ಎದ್ದು ಹೋಗಿ ಗಾಜಿನಿಂದ ಚೌಕಟ್ಟು ಇಳಿಸಿದರು.

"ತೆಗೀತಿರೋದು ಯಾಕ್ರೀ? ಇಷ್ಟು ದಿನ ಊರಿಗೆಲ್ಲ ತೋರಿಸಿದ್ರಲ್ಲ."

"ಅಪ್ಪ ಅಮ್ಮನ ಒಪ್ಪಿಗೆ ಇಲ್ಲದೆ ಮಕ್ಕಳ ಫೋಟೋ ಗಾಜಲ್ಲಿ ಇಡಬಾರದು. ವೃತ್ತಿಗೊಂದು ನಿಯಮ ಇದೆ."

ಇಷ್ಟು ವರ್ಷಗಳಲ್ಲಿ ಆ ನಿಯಮದ ಹೆಸರು ನಾನು ಕೇಳಿದ್ದು ಅದೇ ಮೊದಲು. ಹರಿಯಲಿಲ್ಲ, ಬಿಸಾಡಲಿಲ್ಲ. ಗಿರಾಕಿಗಳು ತೆಗೆದುಕೊಂಡು ಹೋಗದ ಫೋಟೋಗಳನ್ನಿಡುವ ಡ್ರಾಯರ್‌ನಲ್ಲಿ ಲಕೋಟೆಗೆ ಹಾಕಿ, ಮೇಲೆ ಎಂದಿನಂತೆ "ವಾರಸುದಾರರು ಬಂದಾಗ ಕೊಡುವುದು" ಎಂದು ಬರೆದಿಟ್ಟರು. ಗಾಜಿನಲ್ಲಿ ಆ ಜಾಗ ಖಾಲಿ ಉಳಿಯಿತು. ಪುಟ್ಟಿ ಸ್ಟೂಲು ತಿರುಗಿಸುವುದನ್ನು ಯಾವಾಗಲೋ ನಿಲ್ಲಿಸಿದ್ದಳು.

ನಾಳೆ ಅವರು ಬರುತ್ತಾರೆ ಎಂದು ನಾನು ಆಗಲೂ ಹೇಳಲಿಲ್ಲ.

ಭಾನುವಾರ ಒಂಬತ್ತೂವರೆಗೆ ನನ್ನ ಗಂಡ ಎಂದಿನಂತೆ ಸ್ಟುಡಿಯೋ ತೆರೆಯಲು ಹೋದರು. ನಾನು ಫೋನು ಹಿಡಿದು ಕುಳಿತೆ. ಹನ್ನೊಂದಕ್ಕೆ ಮಿಟುಕಿ ಮಗುವನ್ನು ಎತ್ತಿಕೊಂಡು ಗಾಜಿನ ಮುಂದೆ ನಿಲ್ಲುತ್ತಾಳೆ, ಅಲ್ಲಿ ಏನೂ ಇರುವುದಿಲ್ಲ. ಗಂಡನ ಕಡೆ ನೋಡುತ್ತಾಳೆ. ಅವನು ಆಣೆ ಮಾಡಿದವನು. ಆಮೇಲೆ ಒಳಗೆ ಹೋಗುತ್ತಾಳೆ, ಅಣ್ಣ ತಲೆ ಎತ್ತುತ್ತಾರೆ. ಅದರಾಚೆ ನನಗೆ ಕಾಣಲಿಲ್ಲ. ಬರಲಿ ಬಿಡು, ಮಗುವನ್ನು ಕಣ್ಣಾರೆ ನೋಡಿದರೆ ಕರಗಿಯಾರು, ಎಂದು ಒಂದು ಮನಸ್ಸು. ಫೋನು ಕೆಟ್ಟಿತ್ತು ಎಂದರಾಯಿತು ಎಂದು ಇನ್ನೊಂದು. ಏನೂ ಮಾಡದಿರುವುದಕ್ಕೆ ಎಷ್ಟು ದಾರಿಗಳಿವೆ ಎಂದು ಎಣಿಸುತ್ತಿದ್ದಾಗ ಹತ್ತು ಗಂಟೆಯಾಯಿತು.

ಪುಟ್ಟಿ ಬಂದು ನನ್ನ ಮೊಣಕಾಲಿಗೆ ಒರಗಿ ನಿಂತಳು.

"ಅಮ್ಮ, ನಿನಗೆ ಕೋಪನಾ?"

"ಇಲ್ವಲ್ಲ, ಯಾಕೆ?"

"ನಿನ್ನೆ ನಾನು ಹೇಳ್ಬಿಟ್ನಲ್ಲ. ಅದಕ್ಕೇ ಅಪ್ಪ ಪಾಪುನ ತೆಗೆದುಬಿಟ್ರು." ನನ್ನ ಲಂಗದ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಬೆಳ್ಳಗೇ ಇದ್ದಿದ್ರೆ ಅಲ್ಲೇ ಇರ್ತಿದ್ದ. ಇನ್ನು ಯಾರಿಗೂ ಏನೂ ಹೇಳಲ್ಲಮ್ಮ."

ಯಾವ ಪುಸ್ತಕದ ಯಾವ ಪುಟವೂ ನೆನಪಾಗಲಿಲ್ಲ. ನನ್ನ ಗಂಡ ಮತ್ತು ನಾನು, ಒಬ್ಬರಿಗೊಬ್ಬರು ಒಪ್ಪದ ಇಬ್ಬರು, ಕೂಡಿ ಈ ಮಗುವಿಗೆ ಪಾಠವನ್ನು ಅಚ್ಚುಕಟ್ಟಾಗಿ ಕಲಿಸಿ ಮುಗಿಸಿದ್ದೆವು. ಅವಳನ್ನು ಆಚೆ ಕಳಿಸದೆ, ಪಕ್ಕದಲ್ಲೇ ಕೂರಿಸಿಕೊಂಡು, ಫೋನು ಮಾಡಿದೆ.

"ಅತ್ತಿಗೇ!" ಮಿಟುಕಿ ಎರಡನೆಯ ರಿಂಗಿಗೇ ಎತ್ತಿದಳು. "ಹೊರಟ್ವಿ, ಹೊರಟ್ವಿ. ಇವನಿಗೆ ಟೋಪಿ ಹಾಕ್ತಿದೀನಿ, ಕಿತ್ತು ಕಿತ್ತು ಎಸೀತಿದಾನೆ."

"ಮಿಟುಕಿ, ಒಂದ್ನಿಮಿಷ ಕೂತ್ಕೋ."

"ಯಾಕೆ? ಅಣ್ಣ ಹುಷಾರಾಗಿದಾನೆ ತಾನೇ?"

"ಹುಷಾರಾಗಿದಾರೆ. ಅವರು ಫೋಟೋನ ಗೊತ್ತಿದ್ದು ಇಟ್ಟಿದ್ದಲ್ಲ ಕಣೇ. ಯಾರೋ ಗಿರಾಕಿ ಮಗು ಅಂದ್ಕೊಂಡು ಇಟ್ಟಿದ್ರು. ನನ್ನ ಫೋನಿಂದ ಹೋಗಿತ್ತು. ನಿನ್ನೆ ಗೊತ್ತಾಯ್ತು, ತೆಗೆದ್ರು. ನಾನು ಯಾರನ್ನೂ ಒಪ್ಪಿಸಿಲ್ಲ. ಬಾಯೇ ಬಿಟ್ಟಿಲ್ಲ."

ಆ ಕಡೆ ಮಗು ಊಂ ಊಂ ಎಂದಿತು. ಒಂದು ಕುರ್ಚಿ ಎಳೆದ ಸದ್ದಾಯಿತು.

"ಬಿಸಿಲಲ್ಲ ಹಾಗಾದ್ರೆ," ಎಂದಳು.

"ಅಲ್ಲ."

"ಎಷ್ಟು? ಎರಡೇನಾ?"

"ಎರಡೇ."

"ಹೂಂ. ಅಣ್ಣ ಯಾರಿಗೂ ಭೇದ ಮಾಡೋನಲ್ಲ ಬಿಡಿ." ನಕ್ಕಳೋ ಏನೋ, ಮೂಗು ಎಳೆದುಕೊಂಡ ಸದ್ದು ಮಾತ್ರ ಕೇಳಿಸಿತು. "ಒಂದೂವರೆ ತಿಂಗಳು ನೀವೂ ಒಂದಕ್ಷರ ಬರೀಲಿಲ್ವಲ್ಲ ಅತ್ತಿಗೆ."

"ಬರೆದಿದ್ದೆ. ಅಳಿಸಿದೆ."

"ಏನಂತ ಬರೆದಿದ್ರಿ?"

"ಜನಾಂಗದ ಗೋಡೆಗಳನ್ನ ಪ್ರೀತಿ ಒಡೆಯುತ್ತೆ, ಹಾಗೆ ಹೀಗೆ."

"ಅಳಿಸಿದ್ದೇ ಒಳ್ಳೇದಾಯ್ತು."

"ನಾನು ಬರ್ಬೇಕು ಅಂತಿದೀನಿ. ಪುಟ್ಟಿನ ಕರ್ಕೊಂಡು. ಇವತ್ತೇ. ನೀವು ಸ್ಟುಡಿಯೋಗೆ ಹೋಗ್ಬೇಡಿ, ನಾವು ಬರ್ತೀವಿ."

ಪುಟ್ಟಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಅಣ್ಣಂಗೆ ಹೇಳಿ ಬರ್ತೀರೋ, ಹೇಳ್ದೇನೋ?" ಎಂದಳು ಮಿಟುಕಿ. "ಹೇಳ್ದೇ ಬರೋದಾದ್ರೆ ಬೇಡ ಅತ್ತಿಗೆ. ನನ್ನ ಮಗನ್ನ ಕದ್ದು ನೋಡೋಕೆ ಯಾರೂ ಬರ್ಬೇಕಾಗಿಲ್ಲ."

ಪುಟ್ಟಿಯ ಬೆರಳು ಲಂಗದ ಅಂಚಿನಲ್ಲಿ ಹಾಗೇ ನಿಂತಿತ್ತು.

"ಹೇಳಿ," ಎಂದೆ. "ದಾರೀಲೇ ಸ್ಟುಡಿಯೋ ಇದೆ. ಇವಳೆದುರಿಗೇ ಹೇಳಿ ಬರ್ತೀನಿ."

"ಬೇಡ ಅಂದ್ರೆ?"

"ಬೇಡ ಅಂತಾರೆ. ಆದ್ರೂ ಬರ್ತೀನಿ."

ಮಿಟುಕಿ ಫೋನಿನಿಂದ ಬಾಯಿ ಸರಿಸಿ ಆ ಕಡೆ ಯಾರಿಗೋ ಏನೋ ಹೇಳಿದಳು. ಒಂದು ಗಂಡಸಿನ ಧ್ವನಿ ಏನೋ ಕೇಳಿತು, ಇವಳು "ಹೂಂ" ಎಂದಳು. ಮತ್ತೆ ಹತ್ತಿರ ಬಂದಳು.

"ಬನ್ನಿ ಹಾಗಾದ್ರೆ. ಬಾಗಿಲು ಜೋರಾಗಿ ತಟ್ಬೇಡಿ, ಆ ಹೊತ್ತಿಗೆ ಇವನು ಮಲಗಿರ್ತಾನೆ."